ನಾಚ್ ತಿರುಗಿಸಿದ್ರೆ ಸ್ಪ್ರಿಂಗ್ ಗಟ್ಟಿಯಾಗಲ್ಲ

“ಡಬ್ಬಿ ಇರೋ ಗ್ಯಾಸ್ ಶಾಕ್ ಹಾಕ್ಬಿಡಿ” ಎಂದರು ಮೇಷ್ಟ್ರು. ಹಿಂದಿನ ಶಾಕ್ ಅಬ್ಸಾರ್ಬರ್ ಪಕ್ಕದಲ್ಲಿ ಗ್ಯಾಸಿನ ಸಣ್ಣ ಡಬ್ಬಿ ಅಂಟಿಕೊಂಡಿರುತ್ತದಲ್ಲ, ಅಂಥದ್ದು. ಬೈಕು ರಾಯಲ್ ಎನ್‌ಫೀಲ್ಡಿನ ಹಳೇ ಕ್ಲಾಸಿಕ್ 350. ಹೆಂಡತಿ ಹಿಂದೆ ಕೂತರೆ ಹಂಪ್‌ಗೊಮ್ಮೆ ಧಡ್ ಅಂತ ಬಡಿಯುತ್ತದೆ, ಈಗೀಗ ಅವರು ಬೈಕ್ ಹತ್ತುವುದನ್ನೇ ಬಿಟ್ಟಿದ್ದಾರಂತೆ. ಶಾಕಿನಲ್ಲಿ ಸ್ಪ್ರಿಂಗನ್ನು ಅದುಮುವ ಒಂದು ಉಂಗುರ ಇರುತ್ತದೆ, ಅದರ ಒಂದೊಂದು ಮೆಟ್ಟಿಲೂ ಒಂದು ನಾಚ್. ಯಾರೋ ಮೆಕ್ಯಾನಿಕ್ ಎರಡೂ ಶಾಕ್‌ಗಳನ್ನು ಕೊನೇ ನಾಚ್‌ವರೆಗೆ ತಿರುಗಿಸಿ, “ಫುಲ್ ಗಟ್ಟಿ ಮಾಡಿದೀನಿ” ಎಂದು ಕಳಿಸಿದ್ದ.

ಗಟ್ಟಿ ಏನೂ ಆಗಿರಲಿಲ್ಲ. ನಾಚ್ ತಿರುಗಿಸಿದರೆ ಬೈಕಿನ ಹಿಂಭಾಗ ಮೇಲೇಳುತ್ತದೆ, ಅಷ್ಟೇ. ಸ್ಪ್ರಿಂಗ್ ಅದೇ, ತಂತಿ ಅದೇ, ಸುತ್ತೂ ಅವೇ.

ಮೊದಲು ಟೈರ್ ನೋಡಿದೆ. ಗಾಳಿ ಸರಿಯಿತ್ತು. ಹಿಂದಿನ ಚಕ್ರವನ್ನು ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮ್ ಹಿಡಿದು ಅಲ್ಲಾಡಿಸಿದೆ, ಅದರ ಕೀಲಿನ ಬುಷ್‌ನಲ್ಲೂ ಸಡಿಲ ಇರಲಿಲ್ಲ. ಇವೆರಡನ್ನು ನೋಡದೆ ಶಾಕ್ ಬದಲಾಯಿಸಿ ದುಡ್ಡು ಕಳೆದುಕೊಂಡವರು ಬೇಕಾದಷ್ಟು ಜನ. ಆಮೇಲೆ ಮೇಷ್ಟ್ರಿಗೆ, “ನಾಳೆ ಮನೆಯವರನ್ನೂ ಕರ್ಕೊಂಡು ಬನ್ನಿ” ಎಂದೆ.

ಅಳತೆ ಸುಲಭ. ಸೆಂಟರ್ ಸ್ಟ್ಯಾಂಡ್ ಹಾಕಿ, ಚಕ್ರ ತೂಗಾಡುತ್ತಿರುವಾಗ ಆಕ್ಸಲ್‌ನಿಂದ ನೇರ ಮೇಲೆ ಮಡ್‌ಗಾರ್ಡ್ ಮೇಲಿನ ಒಂದು ಗುರುತಿಗೆ ಟೇಪ್ ಹಿಡಿಯಬೇಕು. ಸ್ಟ್ಯಾಂಡ್ ಇಳಿಸಿ ಇನ್ನೊಮ್ಮೆ, ಓಡಿಸುವವರು ಕೂತ ಮೇಲೆ ಮತ್ತೊಮ್ಮೆ. ಬೈಕ್ ತನ್ನ ಭಾರಕ್ಕೆ ಕುಸಿದದ್ದು ಬರೀ 2 ಮಿ.ಮೀ. ಮೇಷ್ಟ್ರು ಕೂತಾಗ 25. ಇಬ್ಬರೂ ಕೂತಾಗ 48.

ಆ ಬೈಕಿನ ಹಿಂದಿನ ಚಕ್ರ ಮೇಲೆ ಕೆಳಗೆ ಓಡಾಡುವುದೇ ಒಟ್ಟು 80 ಮಿ.ಮೀ. ಒಬ್ಬರೇ ಕೂತಾಗ ಅದರಲ್ಲಿ ಸುಮಾರು 30 ಪರ್ಸೆಂಟ್ ಕುಸಿಯಬೇಕು. 25 ಅಂದರೆ ಸರಿಯಾಗೇ ಇದೆ, ಅಲ್ವಾ? ಆದರೆ ನೋಡಬೇಕಾದದ್ದು ಆ 2. ಖಾಲಿ ಬೈಕ್ ಕುಸಿಯುತ್ತಲೇ ಇಲ್ಲ ಅಂದರೆ ಮೆತ್ತಗಿನ ಸ್ಪ್ರಿಂಗನ್ನು ಅದುಮಿ ನಿಲ್ಲಿಸಿದ್ದಾರೆ ಅಂತ ಅರ್ಥ. ಭಾರ ಬಿದ್ದ ತಕ್ಷಣ ಬಣ್ಣ ಬಯಲು. ಇಬ್ಬರು ಕೂತರೆ ಹಂಪ್‌ಗೆ ಉಳಿಯುವುದು 32 ಮಿ.ಮೀ. ಮಾತ್ರ, ಬಡಿಯದೆ ಇನ್ನೇನು ಮಾಡುತ್ತದೆ?

ಮೇಷ್ಟ್ರ ತೂಕ 90 ಕೆ.ಜಿ. ಅವರಿಗೆ ಬೇಕಾಗಿದ್ದದ್ದು ಗಟ್ಟಿ ಸ್ಪ್ರಿಂಗ್. ಹಾಗಂತ ಹಳೇ ಶಾಕ್‌ಗೇ ಗಟ್ಟಿ ಸ್ಪ್ರಿಂಗ್ ಹಾಕಿದರೆ ಇನ್ನೊಂದು ತಲೆನೋವು. ಒಳಗಿನ ಆಯಿಲ್‌ಗೆ ಅದನ್ನು ತಡೆಯಲು ಆಗುವುದಿಲ್ಲ, ಹಂಪ್ ದಾಟಿದ ಮೇಲೆ ಸೀಟು ಹಿಂದಿನವರನ್ನು ಎತ್ತಿ ಒಗೆಯುತ್ತದೆ. ಹಾಗಾಗಿ ರಿಬೌಂಡ್ ತಿರುಪು (ಕುಗ್ಗಿದ ಶಾಕ್ ವಾಪಸ್ ಏಳುವ ವೇಗ ಹೊಂದಿಸುವ ಸ್ಕ್ರೂ) ಇರುವ ಶಾಕ್ ಹಾಕಿದೆವು. ತಿರುಪನ್ನು ಜಾಸ್ತಿ ಬಿಗಿ ಮಾಡಿದರೂ ಕಷ್ಟವೇ. ಸಾಲು ಗುಂಡಿಗಳಲ್ಲಿ ಶಾಕ್ ಪೂರ್ತಿ ಮೇಲೆ ಬರುವ ಮೊದಲೇ ಮುಂದಿನ ಗುಂಡಿ ಬಂದು, ಬೈಕ್ ಕೆಳಗೆ ಕೆಳಗೆ ಕೂರುತ್ತಾ ಹೋಗುತ್ತದೆ.

ಇನ್ನು ಡಬ್ಬಿ. ಗ್ಯಾಸ್‌ನಿಂದ ಸವಾರಿ ಮೆತ್ತಗಾಗುತ್ತದೆ ಅನ್ನುವುದು ಸುಳ್ಳು. ಆಯಿಲ್ ಬಿಸಿಯಾದಾಗ ನೊರೆ ಏಳದಂತೆ ಅದನ್ನು ಒತ್ತಿ ಹಿಡಿಯುವುದು ಆ ಗ್ಯಾಸಿನ, ಅಂದರೆ ನೈಟ್ರೋಜನ್ನಿನ ಕೆಲಸ. ಒಳ್ಳೇ ಶಾಕ್‌ನ ಡಬ್ಬಿಯೊಳಗೆ ಗ್ಯಾಸ್ ಮತ್ತು ಆಯಿಲ್ ಬೆರೆಯದಂತೆ ಒಂದು ಪಿಸ್ಟನ್ನೋ ರಬ್ಬರ್ ಚೀಲವೋ ಇರುತ್ತದೆ. ಅಗ್ಗದ ಒಂದು ಜೋಡಿಯ ಡಬ್ಬಿಯನ್ನು ಕುತೂಹಲಕ್ಕೆ ಕತ್ತರಿಸಿ ನೋಡಿದ್ದೆ. ಒಳಗೆ ಏನೂ ಇಲ್ಲ, ಶಾಕ್‌ಗೆ ಹೋಗುವ ತೂತೂ ಇಲ್ಲ. ಸುಮ್ನೆ ಶೋಕಿಗೆ ಅಂಟಿಸಿದ್ದು.

ಶಾಕ್ ಕೊಳ್ಳುವಾಗ ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ ಉದ್ದ ಅಳೆಯಿರಿ. ಹಳೇದಕ್ಕಿಂತ 10 ಮಿ.ಮೀ. ಉದ್ದ ಜಾಸ್ತಿಯಾದರೂ ಹ್ಯಾಂಡಲ್ ಹಗುರಾಗುತ್ತದೆ, ಸೈಡ್ ಸ್ಟ್ಯಾಂಡ್ ಗಿಡ್ಡವಾಗಿ ಬೈಕ್ ಇನ್ನಷ್ಟು ವಾಲುತ್ತದೆ. ಹಾಕಿಸಿದ ಮೇಲೆ ಇಬ್ಬರೂ ಕೂತು ಚೈನ್ ಸಡಿಲ ಎಷ್ಟಿದೆ ಅಂತ ಇನ್ನೊಬ್ಬರ ಕೈಲಿ ನೋಡಿಸಿ. ಮೇಷ್ಟ್ರ ಬೈಕಿನಲ್ಲಿ ಅದು ತಂತಿ ಬಿಗಿದ ಹಾಗೆ ನಿಂತಿತ್ತು. ಸಡಿಲ ಮಾಡಿಯೇ ಕಳಿಸಿದೆ.