ಗಣಪತಿಗೆ ಬಾಲ ಬಂದದ್ದು ಹೇಗೆ

ತುಮಕೂರಿನ ಬಿ.ಎಚ್. ರಸ್ತೆಯಿಂದ ಒಳಗೆ ಹೋಗುವ ಒಂದು ಸಂದಿಯಲ್ಲಿ ನಮ್ಮ ಪರಿಚಯದವರ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ಕೈಲಾಸ ಸಮಾರಾಧನೆ, ಎಲ್ಲದರ ಕಾರ್ಡೂ ಅಲ್ಲೇ ತಯಾರಾಗುತ್ತದೆ. ಕೊನೆಯದೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಮೇಲ್ಗಡೆ ಗಣಪತಿ ಇರಲೇಬೇಕು. ಈ ಕೆಲಸಕ್ಕೆಂದು ನಾನು ಅವರಿಗೆ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಎಡಗಡೆ ಚಿತ್ರಗಳ ಸಾಲು: ಗಣಪತಿ, ಕಳಶ, ಬಾಳೆಕಂದು, ಓಲಗದವರು. ಬಲಗಡೆ ಖಾಲಿ ಕಾರ್ಡು. ಬೇಕಾದ್ದನ್ನು ಮೌಸಿನಿಂದ ಎಳೆದು ಕಾರ್ಡಿನ ಮೇಲೆ ಬಿಟ್ಟರೆ ಆಯ್ತು.

ಕೊಟ್ಟ ಮಾರನೇ ದಿನವೇ ಯಜಮಾನರ ಫೋನು. "ಏನಪ್ಪಾ, ನಿನ್ನ ಗಣಪತಿಗೆ ಬಾಲ ಬಂದೈತಲ್ಲ!"

ಹೋಗಿ ನೋಡಿದೆ. ನಿಜ. ಎಡಗಡೆಯಿಂದ ಎಳೆದುಕೊಂಡು ಹೋದ ದಾರಿಯುದ್ದಕ್ಕೂ ಒಬ್ಬರ ಮೇಲೊಬ್ಬರು ಗಣಪತಿ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗೆ ಅಂತ ಗಾದೆ ಇದೆಯಲ್ಲ, ನಾನು ಹನುಮಂತನನ್ನು ಮಾಡಿ ಕೂರಿಸಿದ್ದೆ.

ಕಾರಣ ಸರಳ. ನಾವು 'ಎಳೆಯುವುದು' ಅನ್ನುತ್ತೇವೆ, ಆದರೆ ಪರದೆಯ ಮೇಲೆ ಯಾವುದೂ ಜರುಗುವುದಿಲ್ಲ. ಅಲ್ಲಿ ಇರುವುದು ಬರೀ ಚುಕ್ಕಿಗಳು. ಸಾಮಾನ್ಯ ಫುಲ್ ಎಚ್‌ಡಿ ಮಾನಿಟರಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿ. ಒಂದೊಂದಕ್ಕೂ ಒಂದು ಬಣ್ಣ, ಅಷ್ಟೇ. ಈ ಚುಕ್ಕಿ ಗಣಪತಿಯ ಸೊಂಡಿಲಿನದು, ಆ ಚುಕ್ಕಿ ಕಾರ್ಡಿನ ಅಂಚಿನದು ಎನ್ನುವ ಲೆಕ್ಕ ಪರದೆಗೆ ಗೊತ್ತಿಲ್ಲ. ಚುಕ್ಕಿ ರಂಗೋಲಿಯ ಹಾಗೆ. ಬಾಗಿಲ ಮುಂದಿನ ರಂಗೋಲಿಯಲ್ಲಿ ಒಂದು ಹೂವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ನೋಡಿ. ಆಗಲ್ಲ. ಇಲ್ಲಿ ಅಳಿಸಬೇಕು, ಅಲ್ಲಿ ಹೊಸದಾಗಿ ಹಾಕಬೇಕು. ಅಳಿಸಿದ ಜಾಗದಲ್ಲಿ ಮೊದಲು ಇದ್ದ ಎಳೆಯನ್ನೂ ಮತ್ತೆ ಎಳೆಯಬೇಕು. ನಾನು ಮೌಸ್ ಜರುಗಿದಾಗಲೆಲ್ಲ ಹೊಸ ಜಾಗದಲ್ಲಿ ಚಿತ್ರ ಬಿಡಿಸಿದ್ದೆ. ಹಳೇ ಜಾಗವನ್ನು ಸರಿಮಾಡುವುದು ಮರೆತಿದ್ದೆ.

ಎಳೆಯುವ ಚಿತ್ರವನ್ನು ತೋರಿಸುವ ಕಸುಬಿನಲ್ಲಿ ತಲೆನೋವೆಲ್ಲ ಇರುವುದು ಇಲ್ಲೇ. ಚಿತ್ರ ಹೋದ ಜಾಗದ್ದಲ್ಲ, ಬಿಟ್ಟುಬಂದ ಜಾಗದ್ದು.

ಒಂದು ದಾರಿ: ಪ್ರತಿ ಸಲವೂ ಪರದೆಯನ್ನೆಲ್ಲ ಹೊಸದಾಗಿ ಬಿಡಿಸುವುದು. ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ ಎಂದರೆ ಒಂದೊಂದು ಸಲಕ್ಕೂ ನಮಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು. ಅಷ್ಟರಲ್ಲಿ 20 ಲಕ್ಷ ಚುಕ್ಕಿಯನ್ನೂ ಬರೆಯುವುದು ಇವತ್ತಿನ ಗ್ರಾಫಿಕ್ಸ್ ಚಿಪ್ಪಿಗೆ ಲೆಕ್ಕಕ್ಕೇ ಇಲ್ಲ. ಹಳೇ ಕಂಪ್ಯೂಟರಿಗೆ ಸಾಧ್ಯವೇ ಇರಲಿಲ್ಲ. ಹಾಗಾಗಿ ಮೊದಲಿನಿಂದಲೂ ಪ್ರೋಗ್ರಾಮರುಗಳು ಮಾಡಿದ್ದು ಜಿಪುಣತನ. ನನ್ನ ಗಣಪತಿ 96 ಚುಕ್ಕಿ ಅಗಲ, 96 ಎತ್ತರ, ಅಂದರೆ 9,216 ಚುಕ್ಕಿ. ಇಡೀ ಪರದೆಯ 225ರಲ್ಲಿ ಒಂದು ಪಾಲು. ಅವನು 10 ಚುಕ್ಕಿ ಬಲಕ್ಕೆ, 6 ಚುಕ್ಕಿ ಕೆಳಕ್ಕೆ ಜರುಗಿದರೆ ಹಳೇ ಜಾಗ, ಹೊಸ ಜಾಗ ಎರಡನ್ನೂ ಒಳಗೊಳ್ಳುವ ಚೌಕ 106ಕ್ಕೆ 102. ಅದೊಂದನ್ನು ಹೊಸದಾಗಿ ಬರೆದರೆ ಸಾಕು. ಇಂಥ ಚೌಕವನ್ನು ನಮ್ಮ ಕಸುಬಿನವರು 'ಡರ್ಟಿ ರೆಕ್ಟ್' ಅನ್ನುತ್ತಾರೆ. ಮೈಲಿಗೆಯಾದ ಜಾಗ ಅಂತ ಇಟ್ಟುಕೊಳ್ಳಿ. ಅದನ್ನಷ್ಟೇ ತೊಳೆದರಾಯ್ತು.

ಇನ್ನೊಂದು ದಾರಿ: ಚಿತ್ರ ಹಾಕುವ ಮುಂಚೆ ಅದರ ಅಡಿಯ 9,216 ಚುಕ್ಕಿಯನ್ನು ಬೇರೆ ಕಡೆ ತೆಗೆದಿಡುವುದು, ಚಿತ್ರ ಮುಂದೆ ಹೋದ ಮೇಲೆ ಅದನ್ನೇ ವಾಪಸ್ ಅಂಟಿಸುವುದು. ಚೆನ್ನಾಗಿದೆ, ಆದರೆ ಮೆಮೊರಿ ಬೇಕು. 1984ರಲ್ಲಿ ಬಂದ ಆ್ಯಪಲ್ ಮ್ಯಾಕಿಂಟಾಷ್‌ಗೆ ಇದ್ದದ್ದೇ 128 ಕಿಲೋಬೈಟ್ ಮೆಮೊರಿ. ಅದರ ಪರದೆ 512ಕ್ಕೆ 342 ಚುಕ್ಕಿ, ಬರೀ ಕಪ್ಪು-ಬಿಳುಪು. ಅದೊಂದೇ 21,888 ಬೈಟು ತಿನ್ನುತ್ತಿತ್ತು, ಹೆಚ್ಚುಕಮ್ಮಿ ಆರನೇ ಒಂದು ಪಾಲು. ಅಲ್ಲಿ ಒಂದು ಐಕಾನನ್ನು ಹಿಡಿದು ಎಳೆದರೆ ಐಕಾನ್ ಇದ್ದಲ್ಲೇ ಇರುತ್ತಿತ್ತು. ಅದರ ಅಂಚಿನ ಒಂದು ಚುಕ್ಕಿಗೆರೆ ಮಾತ್ರ ಮೌಸಿನ ಹಿಂದೆ ಓಡುತ್ತಿತ್ತು. ಇದಕ್ಕೂ ಮುಂಚೆ, 1981ರಲ್ಲಿ ಜೆರಾಕ್ಸ್ ಕಂಪನಿ ತಂದ ಸ್ಟಾರ್ ಕಂಪ್ಯೂಟರಿನಲ್ಲಿ ಈ ರಗಳೆಯೇ ಇರಲಿಲ್ಲ. ಐಕಾನನ್ನು ಆರಿಸು, ಕೀಬೋರ್ಡಿನಲ್ಲಿ 'ಮೂವ್' ಕೀಲಿ ಒತ್ತು, ಎಲ್ಲಿಗೆ ಬೇಕೋ ಅಲ್ಲಿ ಕ್ಲಿಕ್ ಮಾಡು.

ಆ ಚುಕ್ಕಿಗೆರೆಯ ಹಿಂದಿನ ಉಪಾಯ ನನಗೆ ಬಹಳ ಇಷ್ಟ. ಅದನ್ನು ನಮ್ಮ ಮನೆಯ ಮೆಟ್ಟಿಲಲ್ಲೇ ನೋಡಬಹುದು. ಕೆಳಗೊಂದು ಸ್ವಿಚ್, ಮಹಡಿಯಲ್ಲೊಂದು ಸ್ವಿಚ್, ನಡುವೆ ಒಂದೇ ಬಲ್ಬು. ದೀಪ ಹತ್ತಿರಲಿ ಆರಿರಲಿ, ಯಾವುದೋ ಒಂದು ಸ್ವಿಚ್ ಒತ್ತಿದರೆ ಅದು ತಿರುಗುಮುರುಗಾಗುತ್ತದೆ. ಇನ್ನೊಮ್ಮೆ ಒತ್ತಿದರೆ ಮೊದಲು ಹೇಗಿತ್ತೋ ಹಾಗೇ. ಮೊದಲು ಹೇಗಿತ್ತು ಅಂತ ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಈ ಲೆಕ್ಕದ ಹೆಸರು ಎಕ್ಸಾರ್. 0 ಅಂದರೆ ಕಪ್ಪು, 255 ಅಂದರೆ ಬಿಳಿ; ಒಂದು ಚುಕ್ಕಿಯ ಬೂದು ಬಣ್ಣ 200 ಇದೆ ಅನ್ನಿ. ಅದಕ್ಕೆ 255ನ್ನು ಎಕ್ಸಾರ್ ಮಾಡಿದರೆ 55. ಗೆರೆ ಎದ್ದು ಕಾಣುತ್ತದೆ. ಅದೇ ಜಾಗದಲ್ಲಿ ಅದೇ ಗೆರೆಯನ್ನು ಇನ್ನೊಮ್ಮೆ ಎಳೆದರೆ 55 ಹೋಗಿ ಮತ್ತೆ 200. ಬರೆಯುವುದೂ ಅದೇ, ಅಳಿಸುವುದೂ ಅದೇ. ತೆಗೆದಿಡಲು ಮೆಮೊರಿ ಒಂದು ಬೈಟೂ ಬೇಡ.

ಒಂದು ಕೊರತೆಯೂ ಇದೆ. ಹಿನ್ನೆಲೆ ಸರಿಯಾಗಿ ನಡುವಿನ ಬೂದು, 128, ಆಗಿದ್ದರೆ ತಿರುಗಿಸಿದಾಗ ಬರುವುದು 127. ಯಾರ ಕಣ್ಣಿಗೂ ವ್ಯತ್ಯಾಸ ಗೊತ್ತಾಗಲ್ಲ, ಗೆರೆ ಮಾಯ. ಕಪ್ಪು-ಬಿಳುಪು ಪರದೆಗೆ ಈ ಚಿಂತೆ ಇರಲಿಲ್ಲ. ಬಣ್ಣದ ಪರದೆ ಬಂದ ಮೇಲೆ ಬಣ್ಣಬಣ್ಣದ ಚಿತ್ರವನ್ನು ಎಕ್ಸಾರ್ ಮಾಡಿ ತೋರಿಸಿದರೆ ಫೋಟೋದ ನೆಗೆಟಿವ್ ಥರ ಕಾಣುತ್ತಿತ್ತು. ಗಣಪತಿಯನ್ನು ಹಾಗೆ ತೋರಿಸಿದ್ದರೆ ಯಜಮಾನರು ನನ್ನನ್ನು ಅಂಗಡಿಗೆ ಸೇರಿಸುತ್ತಿರಲಿಲ್ಲ.

ತೆಗೆದಿಟ್ಟು ಅಂಟಿಸುವುದು, ಎಕ್ಸಾರ್, ಈ ಎರಡೂ ಉಪಾಯಕ್ಕೆ ಒಂದೇ ಶತ್ರು. ಎಳೆಯುತ್ತಿರುವಾಗ ಚಿತ್ರದ ಅಡಿಯಲ್ಲಿ ಏನಾದರೂ ಬದಲಾದರೆ? ಅಡಿಯಲ್ಲೊಂದು ಗಡಿಯಾರ ಇದೆ, 10:14 ಇದ್ದದ್ದು 10:15 ಆಯ್ತು ಅನ್ನಿ. ನಾವು ತೆಗೆದಿಟ್ಟದ್ದು 10:14ರ ಚುಕ್ಕಿಗಳು. ಗಣಪತಿ ಮುಂದೆ ಹೋದಾಗ ಅಂಟಿಸುವುದೂ ಅದನ್ನೇ. ಗಡಿಯಾರ ಹಿಂದಕ್ಕೆ ಹೋದಂತೆ ಕಾಣುತ್ತದೆ. ಅದಕ್ಕೇ ಮೊದಲು ಎಳೆಯುವ ಚಿತ್ರವನ್ನು ಮರೆಮಾಡಿ, ಅಡಿಯದ್ದನ್ನು ಬದಲಿಸಿ, ಆಮೇಲೆ ಚಿತ್ರವನ್ನು ಮತ್ತೆ ತೋರಿಸಬೇಕು. ವಿಂಡೋಸ್‌ನಲ್ಲಿ ಈ ಮರೆಮಾಡಿ-ತೋರಿಸುವ ಕೆಲಸಕ್ಕೆಂದೇ ಒಂದು ಫಂಕ್ಷನ್ ಇದೆ: ಇಮೇಜ್‌ಲಿಸ್ಟ್_ಡ್ರ್ಯಾಗ್‌ಶೋನೋಲಾಕ್. ಹೆಸರು ಹೇಳುವಷ್ಟರಲ್ಲಿ ನಾಲಿಗೆ ತೊಡರುತ್ತದೆ. ಅದನ್ನು ಕರೆಯುವುದು ಮರೆತರೆ ಮತ್ತೆ ಬಾಲ.

ಪೂರ್ತಿ ಪರಿಹಾರ ಬಂದದ್ದು ಬೇರೆ ಕಡೆಯಿಂದ. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿಯ ಹೆಸರು ಎಲ್ಲರಿಗೂ ಗೊತ್ತು. ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದ ಕಂಪನಿ ಅದು. ಹಿಂದೆ ಅರಮನೆಯ ಪರದೆ ಇಳಿಬಿಟ್ಟಿದ್ದಾರೆ, ಮುಂದೆ ಆನೆ ನಡೆದು ಹೋಗುತ್ತದೆ. ಆನೆ ದಾಟಿದ ಮೇಲೆ ಯಾರಾದರೂ ಕುಂಚ ಹಿಡಿದು ಬಂದು ಅರಮನೆಯನ್ನು ತಿರುಗಿ ಬಿಡಿಸುತ್ತಾರಾ? ಪರದೆ ತನ್ನ ಪಾಡಿಗೆ ಹಿಂದೆ ಇದ್ದೇ ಇದೆ. ಆನೆ ಬೇರೆ, ಪರದೆ ಬೇರೆ. ಕಂಪ್ಯೂಟರಿನ ಪರದೆಗೂ ನಾಟಕದ ಪರದೆಗೂ ಕನ್ನಡದಲ್ಲಿ ಒಂದೇ ಪದ ಇಟ್ಟವರು ಯಾರೋ ಗೊತ್ತಿಲ್ಲ. ಆದರೆ ಕಂಪ್ಯೂಟರು ಆ ಪದಕ್ಕೆ ತಕ್ಕ ಹಾಗೆ ನಡೆದುಕೊಳ್ಳಲು ಸುಮಾರು ಕಾಲ ಹಿಡಿಯಿತು.

ಈಗಿನ ವ್ಯವಸ್ಥೆಯಲ್ಲಿ ಪ್ರತಿ ವಿಂಡೋಗೂ ಅದರದೇ ಆದ ಕಾಣದ ಹಾಳೆ ಇರುತ್ತದೆ. ಎಳೆಯುವ ಚಿತ್ರಕ್ಕೂ ಒಂದು ಹಾಳೆ. ಇವುಗಳನ್ನೆಲ್ಲ ಒಂದರ ಹಿಂದೊಂದು ಜೋಡಿಸಿ ಕಣ್ಣಿಗೆ ಕಾಣುವ ಒಂದೇ ಚಿತ್ರ ಮಾಡುವ ಕೆಲಸ ಕಾಂಪೊಸಿಟರ್ ಎಂಬುದರದ್ದು. ವಿಂಡೋಸ್ 2000ದಲ್ಲಿ ಇದರ ಅರ್ಧ ಬಂತು, ಹಿಂದಿನದು ಕಾಣುವಂಥ ಪಾರದರ್ಶಕ ವಿಂಡೋ ರೂಪದಲ್ಲಿ. ಮ್ಯಾಕ್‌ನಲ್ಲಿ 2001ರ ಓಎಸ್ ಟೆನ್‌ನಿಂದ, ವಿಂಡೋಸ್‌ನಲ್ಲಿ 2007ರ ವಿಸ್ಟಾದಿಂದ ಇಡೀ ಡೆಸ್ಕ್‌ಟಾಪೇ ಹೀಗಾಯಿತು. ಎಳೆದ ಫೈಲು ನೆರಳಿನ ಹಾಗೆ ತೆಳ್ಳಗೆ ಕಾಣುವುದೂ ಇದರಿಂದಲೇ. ಚಿತ್ರದ ಬಣ್ಣ 100, ಹಿಂದಿನದು 200 ಇದ್ದರೆ ಅರ್ಧಕ್ಕರ್ಧ ಬೆರೆಸಿ 150 ತೋರಿಸುತ್ತದೆ.

ಮೌಸಿನ ಬಾಣ ಮಾತ್ರ ಹಳೇ ಕಾಲದಿಂದಲೂ ರಾಜ. ಸಾಮಾನ್ಯವಾಗಿ ಅದನ್ನು ಪ್ರೋಗ್ರಾಂ ಬಿಡಿಸುವುದಿಲ್ಲ, ಗ್ರಾಫಿಕ್ಸ್ ಚಿಪ್ಪೇ ಕೊನೆಗಳಿಗೆಯಲ್ಲಿ ಮೇಲಿಡುತ್ತದೆ. ಪ್ರೋಗ್ರಾಂ ಹ್ಯಾಂಗ್ ಆಗಿ ಕೂತಿದ್ದರೂ ಬಾಣ ಮಾತ್ರ ಆರಾಮಾಗಿ ಓಡಾಡುತ್ತಿರುತ್ತದೆ, ನೋಡಿದ್ದೀರಲ್ವಾ? ಹಾಗಾಗಿಯೇ ಎಳೆಯುವ ಚಿತ್ರ ಬಾಣಕ್ಕಿಂತ ಒಂದು ಹೆಜ್ಜೆ ಹಿಂದೆ, ಹಸುವಿನ ಹಿಂದಿನ ಕರುವಿನ ಹಾಗೆ ಬರುತ್ತದೆ. ಸೆಕೆಂಡಿಗೆ 1000 ಚುಕ್ಕಿ ವೇಗದಲ್ಲಿ ಎಳೆದರೆ ಒಂದು ಫ್ರೇಮ್, ಅಂದರೆ ಪರದೆ ಒಂದು ಸಲ ಬದಲಾಗುವಷ್ಟು ಹೊತ್ತು, ತಡ ಆದರೆ 17 ಚುಕ್ಕಿ ಹಿಂದೆ.

ನನ್ನ ಗಣಪತಿಗೆ ವಾಪಸ್ ಬರುತ್ತೇನೆ. ವಿಂಡೋ, ಬಟನ್ನು ಬಿಡಿಸಲು ಜಾವಾದಲ್ಲಿರುವ ಸಲಕರಣೆಯ ಹೆಸರು ಸ್ವಿಂಗ್. ಅದರಲ್ಲಿ ಎಳೆಯುವ ಚಿತ್ರವನ್ನು ಕೊಡಲು ನೇರ ದಾರಿ ಬಂದದ್ದು 2011ರಲ್ಲಿ, ಜಾವಾ 7ರ ಜೊತೆ. ಆದರೆ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಇದ್ದದ್ದು ಅದಕ್ಕಿಂತ ಹಿಂದಿನ ಜಾವಾ. ನಾನು ಹಿಡಿದದ್ದು 'ಗ್ಲಾಸ್ ಪೇನ್' ದಾರಿ. ಪ್ರತಿ ವಿಂಡೋದ ಮೇಲೂ ಸ್ವಿಂಗ್ ಒಂದು ಕಾಣದ ಗಾಜು ಇಟ್ಟಿರುತ್ತದೆ. ಚಿತ್ರವನ್ನು ಆ ಗಾಜಿನ ಮೇಲೆ ಬಿಡಿಸಿದೆ. ಕಾರ್ಡನ್ನು ಮುಟ್ಟುವ ಗೊಡವೆಯೇ ಇಲ್ಲ. ಬಾಲ ಹೋಯಿತು. ವಿಂಡೋದ ಅಂಚು ದಾಟಿದರೆ ಗಣಪತಿ ಅರ್ಧಕ್ಕೆ ಕತ್ತರಿಸಿಹೋಗುತ್ತಿದ್ದ, ಗಾಜು ಇರುವುದೇ ಅಷ್ಟು. ಇರಲಿ, ಅದರಾಚೆ ಅವನಿಗೇನು ಕೆಲಸ.

ಮತ್ತೆ ಫೋನು. "ಬಾಲ ಹೋಯ್ತು ಕಣಪ್ಪಾ. ಈಗ ಎಲ್ಲಿ ಇಟ್ರೂ ಕೂರ್ತಾನೇ ಇಲ್ಲ."

ಇದು ಕಂಡುಹಿಡಿಯಲು ಒಂದು ಸಂಜೆ ಪೂರ್ತಿ ಹೋಯಿತು. ಮೌಸ್ ಬಿಟ್ಟ ಕ್ಷಣದಲ್ಲಿ ನನ್ನ ಪ್ರೋಗ್ರಾಂ ಕೇಳುತ್ತಿದ್ದ ಪ್ರಶ್ನೆ: ಬಾಣದ ಅಡಿಯಲ್ಲಿ ಈಗ ಏನಿದೆ? ಕಾರ್ಡ್ ಅನ್ನುವ ಉತ್ತರ ಬಂದರೆ ಗಣಪತಿಯನ್ನು ಅಲ್ಲಿ ಕೂರಿಸುವುದು. ಆದರೆ ಬಾಣದ ಅಡಿಯಲ್ಲಿ ಇದ್ದದ್ದು ಗಾಜು! ಕಾರ್ಡು ಅದರ ಕೆಳಗೆ. ಎಲ್ಲಿ ಬಿಟ್ಟರೂ ಉತ್ತರ ಒಂದೇ, ಗಾಜು. ಹೊತ್ತು ತಂದವನೇ ಬಾಗಿಲಿಗೆ ಅಡ್ಡ ನಿಂತಿದ್ದ. ಎಳೆಯುವ ಚಿತ್ರಕ್ಕೆ ಬೇರೆ ವಿಂಡೋ ಮಾಡುವವರಿಗೂ ಇದೇ ಪಾಡು. ಚಿತ್ರ ಸದಾ ಬಾಣದ ಅಡಿಯಲ್ಲೇ ಇರುವುದರಿಂದ ಮೌಸಿನ ಸುದ್ದಿಯೆಲ್ಲ ಅದಕ್ಕೇ ಹೋಗುತ್ತದೆ. ಮದ್ದು ಒಂದೇ ಸಾಲು: 'ಈ ಚುಕ್ಕಿ ನಿನ್ನದಾ?' ಅಂತ ಕೇಳಿದಾಗ ಗಾಜು ಯಾವಾಗಲೂ 'ಅಲ್ಲ' ಅನ್ನಬೇಕು. ಆಗ ಪ್ರಶ್ನೆ ಅದನ್ನು ದಾಟಿ ಕಾರ್ಡಿಗೆ ಮುಟ್ಟುತ್ತದೆ. ಕಣ್ಣಿಗೆ ಕಾಣಬೇಕು, ಕೈಗೆ ಸಿಗಬಾರದು.

ಇನ್ನೊಂದು ಸಣ್ಣದು. ಗಣಪತಿಯ ಹೊಟ್ಟೆಯನ್ನು ಹಿಡಿದು ಎಳೆಯಲು ಹೋದರೆ ಅವನು ಥಟ್ಟನೆ ಹಾರಿ, ಕಿರೀಟದ ಎಡ ಮೂಲೆ ಬಾಣದ ತುದಿಗೆ ಬಂದು ನಿಲ್ಲುತ್ತಿದ್ದ. ಚಿತ್ರದ ಮೂಲೆ 300, 200ರಲ್ಲಿ (ಎಡದಿಂದ 300ನೇ, ಮೇಲಿನಿಂದ 200ನೇ ಚುಕ್ಕಿ) ಇದ್ದು ನಾವು ಹಿಡಿದದ್ದು 340, 230ರಲ್ಲಿ ಆದರೆ ಆ 40, 30ರ ವ್ಯತ್ಯಾಸವನ್ನು ಎಳೆತ ಮುಗಿಯುವ ತನಕ ನೆನಪಿಟ್ಟು ಕಳೆಯುತ್ತಾ ಹೋಗಬೇಕು. ಬಾಣ 500, 400ಕ್ಕೆ ಹೋದಾಗ ಮೂಲೆ 460, 370ರಲ್ಲಿ. ನಾನು ಕಳೆದಿರಲಿಲ್ಲ.

ಕೊನೆಯ ದೂರು ಬಂದದ್ದು ಒಂದು ಕಾರ್ಡು ಅಚ್ಚಾದ ಮೇಲೆ. ಯಜಮಾನರು ಸ್ಟೀಲ್ ಸ್ಕೇಲ್ ಇಟ್ಟು ತೋರಿಸಿದರು. ಗಣಪತಿ ನಡುವಿನಿಂದ 2 ಮಿಲಿಮೀಟರ್ ಎಡಕ್ಕೆ. "ನಾನು ಜರುಗಿಸೇ ಇಲ್ಲ." ಅವರು ಹೇಳಿದ್ದೂ ನಿಜ. ಅರವತ್ತು ದಾಟಿದ ಕೈ, ಕ್ಲಿಕ್ ಮಾಡುವಾಗ ಒಂದೆರಡು ಚುಕ್ಕಿ ನಡುಗುತ್ತದೆ. ನನ್ನ ಪ್ರೋಗ್ರಾಂ ಅದನ್ನೂ ಎಳೆತ ಅಂದುಕೊಳ್ಳುತ್ತಿತ್ತು. ಪ್ರತಿ ಕ್ಲಿಕ್ಕಿಗೂ ಗಣಪತಿ ಕೂದಲೆಳೆಯಷ್ಟು ಸರಿಯುತ್ತಿದ್ದ. ಇದಕ್ಕೆಂದೇ ಸಿಸ್ಟಂಗಳಲ್ಲಿ ಒಂದು ಗಡಿ ಇರುತ್ತದೆ, ಒತ್ತಿ ಹಿಡಿದ ಮೇಲೆ ಇಷ್ಟು ಚುಕ್ಕಿ ಜರುಗಿದರೆ ಮಾತ್ರ ಎಳೆತ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ 4, ಕ್ಯೂಟಿ ಎಂಬ ಸಲಕರಣೆಯಲ್ಲಿ 10. ನಾನು 10 ಇಟ್ಟೆ.

ವಾರ ಬಿಟ್ಟು ಸಿಕ್ಕಾಗ ಯಜಮಾನರು, "ಎಲ್ಲಾ ಸರಿ ಐತೆ. ಒಂದು ಚೂರು ಮಾತ್ರ ಜರುಗಿಸ್ಬೇಕು ಅಂದ್ರೆ ಬರ್ತಾನೇ ಇಲ್ವಲ್ಲ?" ಅಂದರು. ಬರುವುದಾದರೂ ಹೇಗೆ, ಒಂದು ಚೂರನ್ನು ನಾನೇ ಎಳೆತ ಅಲ್ಲ ಅಂತ ಮಾಡಿಟ್ಟಿದ್ದೆ. ಕೀಬೋರ್ಡಿನ ಬಾಣದ ಕೀಲಿಗಳಿಗೆ ಒಂದೊಂದು ಚುಕ್ಕಿ ಜರುಗುವ ಕೆಲಸ ಹಚ್ಚಿಕೊಟ್ಟೆ. ಈಗ ಅವರು ಗಣಪತಿಯನ್ನು ಮೌಸಿನಿಂದ ತಂದು ಕಾರ್ಡಿನ ಮೇಲೆ ಬಿಡುತ್ತಾರೆ. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಮೌಸನ್ನು ಪಕ್ಕಕ್ಕೆ ತಳ್ಳಿ, ಒಂದೇ ಬೆರಳಲ್ಲಿ ಟಕ್ ಟಕ್ ಅಂತ ಕೀಲಿ ಒತ್ತಿ ನಡುವಿಗೆ ತರುತ್ತಾರೆ.