ಒಬ್ಬರೇ ಸ್ಕೀಯಿಂಗ್‌ಗೆ ಹೊರಟವರಿಗೆ ಯಾವ ಊರು ಒಳ್ಳೆಯದು?

ಪ್ರಶ್ನೆ: ನನಗೆ 32 ವರ್ಷ, ಮದುವೆಯಾಗಿಲ್ಲ, ಚಿಕ್ಕಬಳ್ಳಾಪುರದಲ್ಲಿ ವಾಸ. ಗೆಳೆಯರೆಲ್ಲ ಸಂಸಾರಸ್ಥರಾದ ಮೇಲೆ ಪ್ರವಾಸಕ್ಕೆ ಕರೆದರೆ ಬರುವವರಿಲ್ಲ. ಸ್ಕೀಯಿಂಗ್ ಕಲಿಯಬೇಕು, ನನ್ನಂತೆಯೇ ಮದುವೆಯಾಗದೆ ಇರುವವರ ಪರಿಚಯವೂ ಆಗಬೇಕು ಎಂಬ ಆಸೆಯಿದೆ. ಯಾವ ರೆಸಾರ್ಟ್ ಆರಿಸಿಕೊಳ್ಳಲಿ?

ಉತ್ತರ: ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಅಲ್ಲಿ ಬಾರುಗಳು ಎಷ್ಟಿವೆ, ಡಿಜೆ ಎಷ್ಟು ಹೊತ್ತಿನವರೆಗೆ ನಡೆಯುತ್ತದೆ ಎಂದು ಮೊದಲು ವಿಚಾರಿಸುತ್ತಾರೆ. ನನ್ನ ಲೆಕ್ಕದಲ್ಲಿ ಅದು ಕೊನೆಗೆ ಕೇಳಬೇಕಾದ ಮಾತು. ನಮ್ಮ ನಂದಿ ಬೆಟ್ಟದ ಭಾನುವಾರದ ಬೆಳಗನ್ನೇ ನೆನಪಿಸಿಕೊಳ್ಳಿ. ಸೂರ್ಯ ಹುಟ್ಟುವ ಮುಂಚೆಯೇ ಬೈಕುಗಳ ಸಾಲು ನಿಂತಿರುತ್ತದೆ, ಬಂದವರಲ್ಲಿ ಬಹುಪಾಲು ಮದುವೆಯಾಗದ ಹುಡುಗ ಹುಡುಗಿಯರೇ. ಆದರೂ ಒಬ್ಬರೇ ಹೋದವರು ಮಂಜು ನೋಡಿ, ಟೀ ಕುಡಿದು, ಯಾರೊಡನೆಯೂ ಒಂದು ಮಾತಾಡದೆ ಇಳಿದು ಬರುತ್ತಾರೆ, ಏಕೆಂದರೆ ಉಳಿದವರೆಲ್ಲ ಗುಂಪು ಕಟ್ಟಿಕೊಂಡೇ ಬಂದಿರುತ್ತಾರೆ. ಅದೇ ವ್ಯಕ್ತಿ ಮದುವೆಮನೆಯ ಪಂಕ್ತಿಯಲ್ಲಿ ಕುಳಿತರೆ, ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಪಕ್ಕದ ಎಲೆಯವರ ಊರು, ಕೆಲಸ, ಬಳಗವೆಲ್ಲ ತಿಳಿದಿರುತ್ತದೆ. ನೀವು ಹುಡುಕಬೇಕಾದದ್ದು ಪಂಕ್ತಿ ಇರುವ ಊರನ್ನು.

ಸ್ಕೀ ಊರುಗಳಲ್ಲಿ ಈ ಪಂಕ್ತಿ ಎರಡು ಕಡೆ ಸಿಗುತ್ತದೆ. ಮೊದಲನೆಯದು ವಸತಿ. ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಶಾಲೆ ಎಂದು ಕರೆಯುವ ಮರದ ಮನೆಗಳಿವೆ (ಪಾಠದ ಶಾಲೆಗೂ ಇದಕ್ಕೂ ಸಂಬಂಧವಿಲ್ಲ). ಅವುಗಳಲ್ಲಿ ಕೆಲವನ್ನು ಕೊಠಡಿ ಕೊಠಡಿಯಾಗಿ ಬಾಡಿಗೆಗೆ ಕೊಡುತ್ತಾರೆ, ರಾತ್ರಿಯ ಊಟಕ್ಕೆ ಮಾತ್ರ ಎಲ್ಲರಿಗೂ ಒಂದೇ ಉದ್ದನೆಯ ಮೇಜು. ಹೋಟೆಲಿನಲ್ಲಾದರೆ ಒಬ್ಬರಿಗೇ ಒಂದು ಮೂಲೆಯ ಮೇಜು ಹಾಕಿಕೊಡುತ್ತಾರೆ, ಕೊಠಡಿಗೆ ಹೆಚ್ಚುವರಿ ಹಣವನ್ನೂ ಕೇಳುತ್ತಾರೆ. ಎರಡನೆಯದು ಗುಂಪಿನ ತರಗತಿ. ಆಲ್ಪ್ಸ್‌ನ ಸ್ಕೀ ಶಾಲೆಗಳಲ್ಲಿ ಇದು ಸಾಮಾನ್ಯವಾಗಿ ಭಾನುವಾರ ಅಥವಾ ಸೋಮವಾರ ಆರಂಭವಾಗಿ ಐದಾರು ದಿನ ನಡೆಯುತ್ತದೆ. ಹೊಸಬರ ಗುಂಪಿನಲ್ಲಿ ಎಲ್ಲರೂ ಬೀಳುವವರೇ ಆದ್ದರಿಂದ ಮೊದಲ ದಿನವೇ ಬಿಂಕ ಬಿಟ್ಟುಹೋಗುತ್ತದೆ. ಬುಧವಾರ ತಲುಪಿದವರಿಗೆ ಈ ಭಾಗ್ಯವಿಲ್ಲ, ಅಷ್ಟರಲ್ಲಿ ಗುಂಪುಗಳು ಕೂಡಿಕೊಂಡಿರುತ್ತವೆ. ಶನಿವಾರವೇ ಹೋಗಿ ಇಳಿಯಿರಿ.

ಇನ್ನೊಂದು ಸಣ್ಣ ಅನುಕೂಲವನ್ನು ಯಾರೂ ಹೇಳಿಕೊಡುವುದಿಲ್ಲ. ತೂಗುವ ಆಸನಗಳಲ್ಲಿ ಜನರನ್ನು ಬೆಟ್ಟಕ್ಕೆ ಏರಿಸುವ ಅನೇಕ ಚೇರ್‌ಲಿಫ್ಟ್‌ಗಳ ಬುಡದಲ್ಲಿ ಒಂಟಿಯಾಗಿ ಬಂದವರಿಗೆಂದೇ ಬೇರೆ ಸಾಲಿರುತ್ತದೆ. ನಾಲ್ಕು ಜನರ ಆಸನಕ್ಕೆ ಮೂವರು ಬಂದರೆ ನಾಲ್ಕನೆಯ ಜಾಗಕ್ಕೆ ಈ ಸಾಲಿನವರನ್ನು ಸೇರಿಸುತ್ತಾರೆ. ಬೇಗ ಮೇಲೆ ಹೋಗಬಹುದು, ಜೊತೆಗೆ ಅಪರಿಚಿತರ ಪಕ್ಕದಲ್ಲಿ, ಕಾಲು ಗಾಳಿಯಲ್ಲಿ ತೂಗಾಡುತ್ತಿರುವಾಗ, ಐದಾರು ನಿಮಿಷ ಕುಳಿತಿರಬೇಕಾಗುತ್ತದೆ. ಹಿಮ ಹೇಗಿದೆ ಎಂದು ಕೇಳಿದರೆ ಸಾಕು, ಮಾತು ತಾನಾಗಿ ಬೆಳೆಯುತ್ತದೆ. ಟಿ-ಬಾರ್ ಎಂಬ ಹಳೆಯ ಬಗೆಯ ಲಿಫ್ಟಿನಲ್ಲಂತೂ ತಲೆಕೆಳಗಾದ ಟಿ ಅಕ್ಷರದಂಥ ಒಂದೇ ದಂಡ ಇಬ್ಬರನ್ನು ಹಿಂದಿನಿಂದ ತಳ್ಳಿಕೊಂಡು ಹೋಗುತ್ತದೆ. ಒಬ್ಬರು ಆಯ ತಪ್ಪಿದರೆ ಇನ್ನೊಬ್ಬರೂ ಹಿಮದಲ್ಲಿ.

ಊರಿನಷ್ಟೇ ಮುಖ್ಯವಾದದ್ದು ವಾರ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ, ಮತ್ತೆ ಫೆಬ್ರವರಿಯಲ್ಲಿ ಯೂರೋಪಿನ ಶಾಲೆಗಳಿಗೆ ಸರದಿಯಂತೆ ರಜೆ ಬರುವಾಗ, ಎಂಥ ಮೋಜಿನ ಊರೂ ಮಕ್ಕಳೊಂದಿಗರ ಊರಾಗಿಬಿಡುತ್ತದೆ. ಜನವರಿಯ ಎರಡನೆಯ ವಾರದಿಂದ ತಿಂಗಳ ಕೊನೆಯವರೆಗೆ ಅಥವಾ ಮಾರ್ಚ್ ನಡುವಿನ ಮೇಲೆ ಹೋಗುವುದು ಲೇಸು. ಜನವರಿಯಲ್ಲಿ ದರವೂ ಇಳಿದಿರುತ್ತದೆ.

ಇನ್ನು ಊರುಗಳ ಹೆಸರು. ಆಸ್ಟ್ರಿಯಾದ ಸೇಂಟ್ ಆಂಟನ್ ಈ ವಿಷಯದಲ್ಲಿ ಎಲ್ಲರ ಬಾಯಲ್ಲಿರುವ ಊರು. ಹೆಸರಾಂತ ಸ್ಕೀ ಶಿಕ್ಷಕ ಹಾನೆಸ್ ಷ್ನೈಡರ್ 1921ರಲ್ಲಿ ಸ್ಕೀ ಶಾಲೆ ತೆರೆದದ್ದು ಅಲ್ಲಿಯೇ. ಅಲ್ಲಿನ ಮೂಸರ್‌ವಿರ್ಟ್ ಎಂಬ ಹೆಸರಾಂತ ಬಾರ್ ಇರುವುದು ಊರೊಳಗಲ್ಲ, ಇಳಿಜಾರಿನ ಮೇಲೆ; ಮಧ್ಯಾಹ್ನ ಇಳಿಯುವ ಹೊತ್ತಿಗೇ ಜನ ಸ್ಕೀ ಬೂಟಿನಲ್ಲೇ ಕುಣಿಯತೊಡಗುತ್ತಾರೆ, ಕತ್ತಲಾದ ಮೇಲೆ ಉಳಿದ ಇಳಿಜಾರನ್ನು ಇಳಿದು ಊರು ಸೇರಬೇಕು. ಅಲ್ಲಿನ ಸುಲಭದ ದಾರಿಗಳೂ ಕಡಿದೇ ಆದ್ದರಿಂದ ಕಲಿಯಲು ಹೊರಟವರಿಗೆ ನಾನು ಆ ಊರನ್ನು ಹೇಳಲಾರೆ. ಅದೇ ದೇಶದ ಇಷ್‌ಗ್ಲ್‌ನ ಗದ್ದಲ ಇನ್ನೂ ಜೋರು, ಆದರೆ ಅದು ತಂಡ ಕಟ್ಟಿಕೊಂಡು ಬರುವವರ ಗದ್ದಲ, ನಂದಿ ಬೆಟ್ಟದ ಭಾನುವಾರವೇ. ಫ್ರಾನ್ಸಿನ ವಾಲ್ ದಿಝೇರ್‌ನಲ್ಲಿ ಮೇಲೆ ಹೇಳಿದ ಮೇಜಿನ ಮನೆಗಳು ಹೆಚ್ಚು. ಸ್ವಿಟ್ಜರ್ಲೆಂಡಿನ ವರ್ಬಿಯೆ ಜೇಬು ಗಟ್ಟಿಯಿದ್ದವರಿಗೆ. ಬಲ್ಗೇರಿಯಾದ ಬಾನ್‌ಸ್ಕೊ ಅಗ್ಗ.

ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ಆಸ್ಟ್ರಿಯಾದ ಮಾಯರ್‌ಹೋಫನ್ ಸರಿ. ಊರು ಕಣಿವೆಯ ತಳದಲ್ಲಿದೆ, ಯೆನ್‌ಬಾಖ್‌ನಿಂದ ಪುಟ್ಟ ರೈಲು ಬರುತ್ತದೆ, ಬಾರುಗಳೂ ವಸತಿಗಳೂ ನಡೆದು ಹೋಗುವಷ್ಟು ಹತ್ತಿರ. ಹೀಗಾಗಿ ಬೆಳಗ್ಗೆ ತರಗತಿಯಲ್ಲಿ ಕಂಡ ಮುಖ ಸಂಜೆ ಬೀದಿಯಲ್ಲಿ ಮತ್ತೆ ಸಿಗುತ್ತದೆ. ಆಹೋರ್ನ್ ಬೆಟ್ಟದ ಇಳಿಜಾರು ಹೊಸಬರಿಗೆ ಸೌಮ್ಯ. ಎದುರಿನ ಪೆಂಕೆನ್ ಬೆಟ್ಟದಲ್ಲಿ ಶೇ. 78ರ ಇಳಿತದ ಹರಾಕಿರಿ ಎಂಬ ಜಾಡಿದೆ, ಅದನ್ನು ಕೆಳಗಿನಿಂದ ನೋಡಿ ಕೈಮುಗಿಯಿರಿ. ಈ ಯೂರೋಪಿನ ಊರುಗಳಿಗೆಲ್ಲ, ಅಲ್ಲಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಒಂದೇ ಸಾಕು. 2025ರ ಜನವರಿ 1ರಿಂದ ಬಲ್ಗೇರಿಯಾವೂ ಆ ವೀಸಾದ ವಲಯದೊಳಗೆ ಪೂರ್ತಿ ಸೇರಿದೆ. ವೀಸಾಕ್ಕೆ ಬೇಕಾದ ಕನಿಷ್ಠ 30,000 ಯೂರೊ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯೇ ಎಂದು ಓದಿ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ. ಕುಡಿದು ಇಳಿದು ಕಾಲು ಮುರಿದುಕೊಂಡರೆ ವಿಮೆಯೂ ಕೈಕೊಡಬಹುದು.

ಇಷ್ಟು ದೂರವೇಕೆ ಎನ್ನುವುದಾದರೆ ನಮ್ಮಲ್ಲೇ ಒಂದು ದಾರಿಯಿದೆ. ಸುಮಾರು 2650 ಮೀಟರ್ ಎತ್ತರದ ಗುಲ್ಮಾರ್ಗ್‌ನ ಹೋಟೆಲುಗಳು ಚಳಿಗಾಲದಲ್ಲಿ ಮಧುಚಂದ್ರದ ಜೋಡಿಗಳಿಂದ ತುಂಬಿರುತ್ತವೆ, ಅವರ ನಡುವೆ ಒಂಟಿಯಾಗಿ ಊಟಕ್ಕೆ ಕೂರುವುದು ಮುಜುಗರವೇ. ಆದರೆ ಅದೇ ಊರಿನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀಯಿಂಗ್ ಸಂಸ್ಥೆಯಿದೆ, ಮನಾಲಿಯಲ್ಲಿ ಹಿಮಾಚಲ ಸರ್ಕಾರದ ಪರ್ವತಾರೋಹಣ ಸಂಸ್ಥೆಯಿದೆ, ಉತ್ತರಾಖಂಡದ ಔಲಿಯಲ್ಲಿ ಅಲ್ಲಿನ ಸರ್ಕಾರದ ಗಢವಾಲ್ ಮಂಡಲ ವಿಕಾಸ ನಿಗಮ 7 ಮತ್ತು 14 ದಿನಗಳ ತರಬೇತಿ ನಡೆಸುತ್ತ ಬಂದಿದೆ. ಇವುಗಳಲ್ಲಿ ಮದ್ಯವೂ ಇಲ್ಲ, ಡಿಜೆಯೂ ಇಲ್ಲ. ಮೆಸ್ಸಿನ ದಾಲು, ಬೆಳಗಿನ ಸೀಟಿ, ದೇಶದ ನಾನಾ ಮೂಲೆಗಳಿಂದ ಬಹುತೇಕ ಒಬ್ಬೊಬ್ಬರೇ ಬಂದ ಯುವಕ ಯುವತಿಯರು, ಅಷ್ಟೆ. ಎರಡು ವಾರ ಒಟ್ಟಿಗೆ ಬಿದ್ದು ಎದ್ದವರ ಪರಿಚಯ ಬಾರಿನ ಪರಿಚಯಕ್ಕಿಂತ ಗಟ್ಟಿ ಎಂಬುದು ನನ್ನ ಅಭಿಪ್ರಾಯ. ಔಲಿಯಲ್ಲಿ ಕೆಲವು ವರ್ಷ ಹಿಮವೇ ಕೈಕೊಡುವುದುಂಟು. ಕೆಳಗಿನ ಊರು ಜೋಶಿಮಠದ ಭೂಕುಸಿತದ ಬಳಿಕ 2023ರ ಜನವರಿಯಲ್ಲಿ ಅಲ್ಲಿಂದ ಔಲಿಗೆ ಏರುವ ರೋಪ್‌ವೇ ನಿಂತಿತು, ಹೊರಡುವ ಮುನ್ನ ಎರಡನ್ನೂ ವಿಚಾರಿಸಿಕೊಳ್ಳಿ.

ಎಲ್ಲಿಗೇ ಹೋದರೂ ಎರಡು ತಿಂಗಳು ಮೊದಲಿನಿಂದ ನಂದಿ ಬೆಟ್ಟಕ್ಕೆ ಸುಲ್ತಾನ್‌ಪೇಟೆ ಕಡೆಯಿಂದ ಏರುವ ಮೆಟ್ಟಿಲುಗಳನ್ನು ವಾರಕ್ಕೆರಡು ಬಾರಿ ಹತ್ತಿ ಇಳಿಯಿರಿ. ಸ್ಕೀಯಿಂಗ್‌ನಲ್ಲಿ ದಣಿಯುವುದು ತೊಡೆ. ಆ ನೋವಿಗೆ ಏಳು ಗಂಟೆಗೇ ಮಲಗಿಬಿಟ್ಟರೆ ಉದ್ದನೆಯ ಮೇಜಿನಲ್ಲಿ ನಿಮ್ಮ ಕುರ್ಚಿ ಖಾಲಿಯಿರುತ್ತದೆ.