ಲಾರಿಯ ಲೋಡು ಬಿಗಿಯುವ ಲೆಕ್ಕ: ಘರ್ಷಣೆ, ಬೆಲ್ಟು ಮತ್ತು 194ನೆಯ ಕಲಂ

ಮೋಟಾರು ವಾಹನ ನಿರೀಕ್ಷಕರ ಹುದ್ದೆಯ ಪರೀಕ್ಷೆಗೆ ಓದುವಾಗ ಲೋಡಿನ ಪಾಠ ಎರಡು ತುಂಡಾಗಿ ಕೈಗೆ ಬರುತ್ತದೆ. ಕಲಂ, ದಂಡ, ಆಕ್ಸಲ್ ತೂಕ (ಗಾಲಿಗಳ ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರ) ಕಾನೂನಿನ ಪತ್ರಿಕೆಯಲ್ಲಿವೆ. ಘರ್ಷಣೆ ಮತ್ತು ಜಡತ್ವ ತಾಂತ್ರಿಕ ಪತ್ರಿಕೆಯಲ್ಲಿವೆ. ಇವೆರಡೂ ಎಲ್ಲಿ ಕೂಡುತ್ತವೆ ಎಂಬುದು ಶಿವಮೊಗ್ಗದ ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಲೋಡಿಗೆ ಕಾಯುವ ಚಾಲಕರ ಮಾತಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಪದೇ ಪದೇ ಕೇಳಿಬರುವ ಮಾತುಗಳು ಎರಡು. "ಭಾರದ ಲೋಡು ಕೂತಲ್ಲೇ ಕೂತಿರ್ತದೆ, ಹಗುರದ್ದನ್ನ ಕಟ್ಟಬೇಕು" ಎಂಬುದು ಒಂದು. "ಸಾಹೇಬ್ರು ನೋಡೋದು ಕಾಟಾ ಚೀಟಿನ, ಹಗ್ಗನ ಅಲ್ಲ" ಎಂಬುದು ಇನ್ನೊಂದು (ಕಾಟಾ ಎಂದರೆ ಲಾರಿಯನ್ನು ತೂಗುವ ಯಂತ್ರ). ಮೊದಲನೆಯದು ತಪ್ಪು, ಎರಡನೆಯದು ಬಹುಮಟ್ಟಿಗೆ ಸರಿ ಎಂಬುದು ನನ್ನ ಅಭಿಪ್ರಾಯ. ಏಕೆ ಎಂಬುದನ್ನು ಲೆಕ್ಕದ ಮೂಲಕವೇ ಬರೆದಿಟ್ಟುಕೊಳ್ಳುತ್ತಿದ್ದೇನೆ. ನ್ಯೂಟನ್ನನ ನಿಯಮಗಳು ಮತ್ತು ಘರ್ಷಣಾ ಗುಣಾಂಕದ ವ್ಯಾಖ್ಯೆ ಎಲ್ಲರಿಗೂ ಗೊತ್ತಿರುವುದರಿಂದ ಅವುಗಳನ್ನು ಇಲ್ಲಿ ವಿವರಿಸುವುದಿಲ್ಲ.

ತಡೆಯಬೇಕಾದ ಬಲ ಎಷ್ಟು?

ಯುರೋಪಿನ ಇಎನ್ 12195 ಮಾನಕವೂ ಅಮೆರಿಕದ ಸರಕು ಬಿಗಿತದ ನಿಯಮಗಳೂ ಹೆಚ್ಚು ಕಡಿಮೆ ಒಂದೇ ಸಂಖ್ಯೆಗಳನ್ನು ಹೇಳುತ್ತವೆ. ಲೋಡು ಮುಂದಕ್ಕೆ ಜಾರದಂತೆ ಅದರ ತೂಕದ 0.8 ಪಾಲಿನಷ್ಟು ಬಲವನ್ನು, ಪಕ್ಕಕ್ಕೂ ಹಿಂದಕ್ಕೂ ಜಾರದಂತೆ 0.5 ಪಾಲಿನಷ್ಟು ಬಲವನ್ನು ತಡೆಯುವ ವ್ಯವಸ್ಥೆ ಇರಬೇಕು. ಮುಂದಿನ ಸಂಖ್ಯೆ ಜೋರಾಗಿ ಬ್ರೇಕ್ ಹಾಕುವುದರಿಂದ ಬಂದದ್ದು, ಪಕ್ಕದ ಸಂಖ್ಯೆ ತಿರುವಿನಿಂದ ಬಂದದ್ದು. ಇಷ್ಟನ್ನು ನೆನಪಿಟ್ಟರೆ ಸಾಕು.

ಭಾರದ ಲೋಡು ಏಕೆ ಜಾರುತ್ತದೆ?

ಲೋಡಿನ ತೂಕ ಹೆಚ್ಚಾದಂತೆ ಅದನ್ನು ಹಿಡಿದಿಡುವ ಘರ್ಷಣೆಯೂ ಹೆಚ್ಚಾಗುತ್ತದೆ ಎಂಬುದು ನಿಜ, ಚಾಲಕರ ಅನುಭವವೂ ಅದನ್ನೇ ಹೇಳುತ್ತದೆ. ಆದರೆ ಬ್ರೇಕ್ ಹಾಕಿದಾಗ ಲೋಡನ್ನು ಮುಂದಕ್ಕೆ ನೂಕುವ ಬಲವೂ ಅದೇ ತೂಕದ ಪ್ರಮಾಣದಲ್ಲಿಯೇ ಹೆಚ್ಚಾಗುವುದರಿಂದ ಸಮೀಕರಣದ ಎರಡೂ ಬದಿಯಲ್ಲಿ ತೂಕ ಬಂದು ಪರಸ್ಪರ ಹೊಡೆದುಹೋಗುತ್ತದೆ. ಉಳಿಯುವುದು ಘರ್ಷಣಾ ಗುಣಾಂಕ ಮಾತ್ರ, ಅಂದರೆ ಒತ್ತುವ ಬಲದ ಎಷ್ಟು ಪಾಲು ಘರ್ಷಣೆಯಾಗಿ ಸಿಗುತ್ತದೆ ಎಂಬ ಸಂಖ್ಯೆ. ಗುಣಾಂಕ 0.3 ಇರುವ ಕಡೆ ಒಂದು ಟನ್ನೂ ಹತ್ತು ಟನ್ನೂ ಒಂದೇ ಮಟ್ಟದ ಬ್ರೇಕಿಗೆ ಜಾರಲು ಆರಂಭಿಸುತ್ತವೆ. ಮಲೆನಾಡಿನಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ: ಅಡಿಕೆ ಹಾಳೆಯ ಮೇಲೆ ಕುಳಿತು ದಿಬ್ಬದಿಂದ ಜಾರುವ ಮಕ್ಕಳಲ್ಲಿ ದಪ್ಪ ಹುಡುಗನೂ ಸಣಕಲನೂ ಒಂದೇ ಇಳಿಜಾರಿನಲ್ಲಿ ಜಾರತೊಡಗುತ್ತಾರೆ. ಹತ್ತು ಟನ್ ಜಾರಿದಾಗ ಕ್ಯಾಬಿನ್ನಿಗೆ ಬೀಳುವ ಹೊಡೆತ ಮಾತ್ರ ಹತ್ತು ಪಟ್ಟು.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಗುಂಡಿಯಲ್ಲೋ ಹಂಪಿನಲ್ಲೋ ಲಾರಿ ಕುಪ್ಪಳಿಸಿದಾಗ ಲೋಡು ನೆಲಹಲಗೆಯನ್ನು ಒತ್ತುವ ಬಲ ಕ್ಷಣಕಾಲ ಇಳಿದು, ಘರ್ಷಣೆಯೂ ಅದರೊಂದಿಗೆ ಇಳಿಯುತ್ತದೆ. ಆದ್ದರಿಂದ ಘರ್ಷಣೆಯೊಂದೇ ಸಾಕೆಂದು ಲೆಕ್ಕ ತೋರಿಸಿದಾಗಲೂ ಬಿಗಿಯದೆ ಬಿಡುವಂತಿಲ್ಲ.

ಬೆಲ್ಟಿನ ಚೀಟಿಯ ಮೇಲಿನ ಎರಡು ಸಂಖ್ಯೆಗಳು

ಇಡೀ ಪಾಠದಲ್ಲಿ ನನಗೆ ಎಲ್ಲಕ್ಕಿಂತ ತಡವಾಗಿ ಅರ್ಥವಾದ ಹಂತ ಇದು, ಆದ್ದರಿಂದ ಇದನ್ನೇ ನಿಧಾನವಾಗಿ ಬರೆಯುತ್ತೇನೆ. ಹಿಡಿ ಒತ್ತಿ ಹಲ್ಲುಚಕ್ರದಿಂದ ಬಿಗಿಯುವ, ಐವತ್ತು ಮಿಲಿಮೀಟರ್ ಅಗಲದ ರ‍್ಯಾಚೆಟ್ ಬೆಲ್ಟಿಗೆ ಹೊಲಿದಿರುವ ನೀಲಿ ಚೀಟಿಯಲ್ಲಿ ಸಾಮಾನ್ಯವಾಗಿ ಎಲ್‌ಸಿ 2500 ಎಂಬ ದೊಡ್ಡ ಸಂಖ್ಯೆಯೂ ಎಸ್‌ಟಿಎಫ್ 300ರ ಆಸುಪಾಸಿನ ಸಣ್ಣ ಸಂಖ್ಯೆಯೂ ಇರುತ್ತವೆ. ಇವುಗಳ ಏಕಮಾನವನ್ನು ನಮ್ಮ ಲೆಕ್ಕಕ್ಕೆ ಕಿಲೋ ಬಲವೆಂದೇ ಹಿಡಿಯಬಹುದು. ಎಲ್‌ಸಿ ಎಂದರೆ ಬೆಲ್ಟನ್ನು ನೇರವಾಗಿ ಎಳೆದಾಗ ಅದು ಸುರಕ್ಷಿತವಾಗಿ ತಾಳಿಕೊಳ್ಳುವ ಬಲ; ಎಸ್‌ಟಿಎಫ್ ಎಂದರೆ ಹಿಡಿಯನ್ನು ಕೈಯಿಂದ ಒತ್ತಿ ಬಿಗಿದಾಗ ಬೆಲ್ಟಿನಲ್ಲಿ ಉಳಿಯುವ ಬಿಗಿತ.

ಲೋಡಿನ ಮೇಲಿಂದ ಹಾಯಿಸಿ ಎರಡೂ ಬದಿ ಕೊಕ್ಕೆ ಹಾಕುವ ವಿಧಾನದಲ್ಲಿ ಬೆಲ್ಟು ಲೋಡನ್ನು ಹಿಡಿದೆಳೆಯುವುದಿಲ್ಲ, ಕೆಳಕ್ಕೆ ಒತ್ತುತ್ತದೆ ಅಷ್ಟೆ. ಆ ಒತ್ತಡದಿಂದ ಹೆಚ್ಚುವ ಘರ್ಷಣೆಯೇ ಲೋಡನ್ನು ನಿಲ್ಲಿಸಬೇಕು. ಆದ್ದರಿಂದ ಲೆಕ್ಕಕ್ಕೆ ಹಾಕಬೇಕಾದದ್ದು 300, 2500 ಅಲ್ಲ. ಬೆಲ್ಟು ಎಷ್ಟೇ ಗಟ್ಟಿಯಿದ್ದರೂ ಕೈ ಬಿಗಿದಷ್ಟೇ ಅದು ಒತ್ತುತ್ತದೆ. ಉಳಿದ ಶಕ್ತಿ ಲೋಡು ಜಾಗ ಬಿಟ್ಟು ಬೆಲ್ಟನ್ನು ಎಳೆಯತೊಡಗಿದ ಮೇಲೆ ಮಾತ್ರ ಉಪಯೋಗಕ್ಕೆ ಬರುತ್ತದೆ, ಮತ್ತು ಅಷ್ಟು ಹೊತ್ತಿಗೆ ಲೋಡು ಆಗಲೇ ಜಾರಿರುತ್ತದೆ. "ಐದು ಟನ್ನಿನ ಬೆಲ್ಟು ಎರಡು ಹಾಕಿದರೆ ಹತ್ತು ಟನ್ನಿಗೆ ಆಯಿತು" ಎಂಬ ಮಾತಿನಲ್ಲಿರುವ (2500ನ್ನು ಎರಡು ಬದಿಗೂ ಕೂಡಿಸಿದರೆ ಐದು ಟನ್) ದೋಷ ಪೂರ್ತಿಯಾಗಿ ಇಲ್ಲಿದೆ.

ಈಗ ಹತ್ತು ಟನ್ ಲೋಡು, ಗುಣಾಂಕ 0.3 ಎಂದು ಹಿಡಿಯೋಣ. ಮುಂದಕ್ಕೆ ಬೇಕಾದ ತಡೆ 0.8 ಪಾಲು, ಘರ್ಷಣೆ ಕೊಡುವುದು 0.3 ಪಾಲು, ಕೊರತೆ 0.5 ಪಾಲು, ಅಂದರೆ 5000 ಕಿಲೋ ಬಲ. ಒಂದು ಬೆಲ್ಟು ಎರಡು ಬದಿಯಲ್ಲೂ ತಲಾ 300ರಂತೆ 600 ಕಿಲೋ ಒತ್ತುತ್ತದೆ, ಅದರ 0.3 ಪಾಲೆಂದರೆ 180 ಕಿಲೋ. ಐದು ಸಾವಿರವನ್ನು 180ರಿಂದ ಭಾಗಿಸಿದರೆ 27.8 ಬರುತ್ತದೆ, ಅಂದರೆ 28 ಬೆಲ್ಟು. ಉತ್ತರ ನೋಡಿ ಗುಣಾಕಾರ ತಪ್ಪಿತೇನೋ ಎಂದು ಯಾರಿಗೂ ಅನಿಸುತ್ತದೆ, ಆದರೆ ತಪ್ಪಿಲ್ಲ. ಮಾನಕದಲ್ಲಿರುವ ಸುರಕ್ಷಾ ಅಂಶವನ್ನು ನಾನು ಸೇರಿಸಿಯೇ ಇಲ್ಲ. ಸೇರಿಸಿದರೆ ಸಂಖ್ಯೆ ಇನ್ನೂ ಏರುತ್ತದೆ. ಪಕ್ಕಕ್ಕೆ ಕೊರತೆ 0.2 ಪಾಲು ಮಾತ್ರವಾದ್ದರಿಂದ 2000 ಭಾಗಿಸು 180, ಅಂದರೆ 12 ಬೆಲ್ಟು ಸಾಕು.

ಯಾವ ಲಾರಿಯಲ್ಲೂ 28 ಬೆಲ್ಟು ಇರುವುದಿಲ್ಲ. ಹಾಗಾದರೆ ಮುಂದಕ್ಕೆ ಜಾರುವುದನ್ನು ತಡೆಯುವ ದಾರಿ ಮೇಲಿನ ಬಿಗಿತವಲ್ಲ, ಲೋಡನ್ನು ಕ್ಯಾಬಿನ್ ಹಿಂದಿನ ಹಲಗೆಗೆ ಸಂದಿಯಿಲ್ಲದಂತೆ ಒತ್ತಿ ಕೂರಿಸುವುದು. ನಡುವೆ ಅರ್ಧ ಅಡಿ ಜಾಗ ಬಿಟ್ಟರೆ ಆ ಹಲಗೆ ತಡೆಯುವ ವಸ್ತುವಾಗಿ ಉಳಿಯುವುದಿಲ್ಲ. ಲೋಡು ವೇಗ ಪಡೆದು ಬಂದು ಗುದ್ದುವ ವಸ್ತುವಾಗುತ್ತದೆ. ಆಕ್ಸಲ್ ತೂಕ ಹೊಂದಿಸಲು ಜಾಗ ಬಿಡಲೇಬೇಕಾದಾಗ ಮರದ ತುಂಡುಗಳಿಂದ ಆ ಸಂದಿಯನ್ನು ತುಂಬಬೇಕು.

ನನಗೆ ಅತ್ಯಂತ ಪ್ರಿಯವಾದ ಉಪಾಯ ರಬ್ಬರ್ ಚಾಪೆಯದು. ಲೋಡಿನ ಕೆಳಗೆ ಗುಣಾಂಕ 0.6 ಕೊಡುವ ಚಾಪೆ ಹಾಸಿದರೆ ಏನಾಗುತ್ತದೆ ನೋಡಿ. ಮುಂದಿನ ಕೊರತೆ 0.2 ಪಾಲಿಗೆ, ಅಂದರೆ 2000 ಕಿಲೋಗೆ ಇಳಿಯಿತು. ಅದೇ ಹೊತ್ತಿಗೆ ಪ್ರತಿ ಬೆಲ್ಟಿನ ಕೊಡುಗೆ 600ರ 0.6 ಪಾಲು, ಅಂದರೆ 360 ಕಿಲೋಗೆ ಏರಿತು. ಬೇಕಾದ ಬೆಲ್ಟು 5.6, ಅಂದರೆ ಆರು. ಗುಣಾಂಕ ಎರಡು ಪಟ್ಟಾದರೆ ಬೆಲ್ಟಿನ ಸಂಖ್ಯೆ ಅರ್ಧವಾಗಬೇಕಲ್ಲವೇ, 28 ಹೇಗೆ ಆರಕ್ಕೆ ಇಳಿಯಿತು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಗುಣಾಂಕ ಲೆಕ್ಕದೊಳಗೆ ಎರಡು ಕಡೆ ಬರುತ್ತದೆ: ಭಾಜ್ಯದಲ್ಲಿ ಕೊರತೆಯನ್ನು ಇಳಿಸುತ್ತದೆ, ಭಾಜಕದಲ್ಲಿ ಬೆಲ್ಟಿನ ಕೊಡುಗೆಯನ್ನು ಏರಿಸುತ್ತದೆ. ಪಕ್ಕಕ್ಕಂತೂ 0.6 ಎಂಬುದು 0.5ಕ್ಕಿಂತ ಹೆಚ್ಚಾಗಿರುವುದರಿಂದ ಕೊರತೆಯೇ ಇಲ್ಲ. ಕುಪ್ಪಳಿಕೆಯ ಕಾರಣಕ್ಕೆ ಮಾತ್ರ ಬಿಗಿಯಬೇಕು. ಚಾಪೆ ತುಂಡು ತುಂಡಾಗಿದ್ದರೂ ಲೋಡಿನ ಇಡೀ ಭಾರ ಆ ತುಂಡುಗಳ ಮೇಲೆಯೇ ಕುಳಿತಿದ್ದರೆ ಸಾಕು. ಇಷ್ಟು ಅಗ್ಗದ ವಸ್ತು ನಮ್ಮ ಲಾರಿಗಳಲ್ಲಿ ಇಷ್ಟು ವಿರಳವಾಗಿರುವುದು ನನಗೆ ಅಚ್ಚರಿಯ ವಿಷಯ.

ಕೋನದ ಮಾತು. ಬೆಲ್ಟು ನೆಟ್ಟಗೆ ಕೆಳಗಿಳಿದಾಗ ಮಾತ್ರ ಬಿಗಿತ ಪೂರ್ತಿಯಾಗಿ ಒತ್ತಡವಾಗುತ್ತದೆ. ನೆಲಹಲಗೆಯೊಂದಿಗೆ 60 ಡಿಗ್ರಿ ಇದ್ದರೆ 0.87 ಪಾಲು, 30 ಡಿಗ್ರಿ ಇದ್ದರೆ ಅರ್ಧ ಪಾಲು ದಕ್ಕುತ್ತದೆ. ಎತ್ತರಕ್ಕೆ ಪೇರಿಸಿದ ಅಡಿಕೆ ಚೀಲಗಳ ಮೇಲೆ ಬೆಲ್ಟು ನೆಟ್ಟಗಿರುತ್ತದೆ. ಎರಡು ಅಡಿ ಎತ್ತರದ ಪೈಪಿನ ಲೋಡಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ನೋಡಲು ಎರಡೂ ಒಂದೇ ರೀತಿ ಬಿಗಿಯಾಗಿಯೇ ಕಾಣುತ್ತವೆ.

ಹಗ್ಗಕ್ಕೆ ಇಂತಹ ಚೀಟಿಯೇ ಇಲ್ಲದ್ದರಿಂದ ಅದರ ಬಿಗಿತವನ್ನು ಲೆಕ್ಕಕ್ಕೆ ತರಲಾಗುವುದಿಲ್ಲ. ಹಮಾಲರು ಕುಣಿಕೆ ಹಾಕಿ ಜಗ್ಗುವ ಕ್ರಮದಲ್ಲಿ ಕೌಶಲವಿದೆ, ಸಂಖ್ಯೆಯಿಲ್ಲ. ಟಾರ್ಪಾಲು ಮಳೆಗೆ ಇರುವುದೇ ಹೊರತು ಬಿಗಿತಕ್ಕಲ್ಲ ಎಂಬುದನ್ನೂ ಇಲ್ಲಿಯೇ ಬರೆದಿಡುತ್ತೇನೆ. ಪ್ಲಾಸ್ಟಿಕ್ ಚೀಲಗಳು ಗೋಣಿಚೀಲಗಳಿಗಿಂತ ಒಂದರ ಮೇಲೊಂದು ಬೇಗ ಜಾರುವುದರಿಂದ, ಗೋಡೆಯ ಇಟ್ಟಿಗೆಯಂತೆ ವರಸೆ ತಪ್ಪಿಸಿ ಪೇರಿಸಬೇಕು. ನಾಟಾ ಲೋಡಿನಲ್ಲಿ ಪಕ್ಕದ ಗೂಟಗಳಿಗಿಂತ ಮೇಲೆ ಎದ್ದ ದಿಮ್ಮಿಯನ್ನು ಚೈನು ಮಾತ್ರ ಹಿಡಿದಿರುತ್ತದೆ, ಒಳಗಿನ ದಿಮ್ಮಿಗಳಿಗೆ ಚೈನು ತಾಗುವುದೇ ಇಲ್ಲ.

ಘಾಟಿಯಲ್ಲಿ

ತಿರುವಿನಲ್ಲಿ ಪಕ್ಕಕ್ಕೆ ನೂಕುವ ಬಲ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹದಿನೈದು ಮೀಟರ್ ತ್ರಿಜ್ಯದ ಹೇರ್‌ಪಿನ್ ತಿರುವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ದಾಟಿದರೆ ಅದು ತೂಕದ 0.21 ಪಾಲು, 30 ಕಿ.ಮೀ. ವೇಗದಲ್ಲಿ ದಾಟಿದರೆ 0.47 ಪಾಲು. ಹತ್ತು ಕಿ.ಮೀ. ವ್ಯತ್ಯಾಸದಲ್ಲಿ ಮಾನಕದ 0.5ರ ಅಂಚಿಗೆ ಬಂದುಬಿಟ್ಟೆವು. ಹದಿನೈದರಲ್ಲಿ ಒಂದರ ಇಳಿಜಾರು ಇದ್ದರೆ ಬ್ರೇಕ್ ಹಾಕುವ ಮೊದಲೇ ಮುಂದಕ್ಕೆ 0.07 ಪಾಲು ನೂಕು ಸೇರಿರುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಭಾರಿ ಲಾರಿಗಳಿಗೆ ಪ್ರವೇಶವಿಲ್ಲದ್ದರಿಂದ ಕರಾವಳಿಗೆ ಇಳಿಯುವ ಲೋಡು ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿಯಂತಹ ದಾರಿಯನ್ನು ಹಿಡಿಯುತ್ತದೆ. ಅಲ್ಲಿಯೂ ತಿರುವಿನ ಗಣಿತ ಬದಲಾಗುವುದಿಲ್ಲ.

ಹೊರಟ ಸ್ವಲ್ಪ ಹೊತ್ತಿಗೆ ಲೋಡು ಅಲುಗಿ ಕೂತು ಬೆಲ್ಟು ಸಡಿಲವಾಗುತ್ತದೆ. ಅಮೆರಿಕದಲ್ಲಿ ಮೊದಲ 50 ಮೈಲಿಯೊಳಗೆ ಒಮ್ಮೆ, ಅನಂತರ ಮೂರು ಗಂಟೆ ಅಥವಾ 150 ಮೈಲಿಗೊಮ್ಮೆ ಪರಿಶೀಲಿಸಬೇಕೆಂಬ ನಿಯಮವಿದೆ. ಐವತ್ತು ಮೈಲಿ ಎಂದರೆ 80 ಕಿ.ಮೀ.; ಶಿವಮೊಗ್ಗದಿಂದ ಹೊರಟ ಲಾರಿ ಅಷ್ಟು ದೂರ ಹೋಗುವಷ್ಟರಲ್ಲಿ ಘಟ್ಟದ ಅಂಚನ್ನು ಸಮೀಪಿಸಿರುತ್ತದೆ. ನಮ್ಮಲ್ಲಿ ದೂರಕ್ಕಿಂತ ಜಾಗವನ್ನು ಹಿಡಿಯುವುದು ಮೇಲು: ಇಳಿಜಾರು ಆರಂಭವಾಗುವ ಮುನ್ನ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು.

ಕಲಂಗಳು, ಚಾಲಕರ ದೂರು

1988ರ ಮೋಟಾರು ವಾಹನ ಅಧಿನಿಯಮದ 194ನೆಯ ಕಲಂ 2019ರ ತಿದ್ದುಪಡಿಯ ನಂತರ ಹೀಗಿದೆ. ಮಿತಿಮೀರಿದ ತೂಕಕ್ಕೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್ನೊಂದಕ್ಕೆ 2,000. ಲೋಡು ಬಾಡಿಯಿಂದ ಪಕ್ಕಕ್ಕೆ, ಮುಂದೆ, ಹಿಂದೆ ಅಥವಾ ಮಿತಿಗಿಂತ ಎತ್ತರಕ್ಕೆ ಚಾಚಿದ್ದರೆ 20,000. ತೂಕಕ್ಕೆ ನಿಲ್ಲಿಸಲು ನಿರಾಕರಿಸಿದರೆ 40,000. ಹೆಚ್ಚುವರಿ ಸರಕನ್ನು ಇಳಿಸುವ ತನಕ ವಾಹನ ಕದಲುವಂತಿಲ್ಲ, ಇಳಿಸುವ ಖರ್ಚೂ ದಂಡ ಕಟ್ಟುವವರದೇ. 2018ರ ಜುಲೈನಲ್ಲಿ ಆಕ್ಸಲ್ ಮಿತಿಗಳನ್ನು ಏರಿಸಿದಾಗ ಎರಡು ಆಕ್ಸಲ್ ಲಾರಿಯ ಒಟ್ಟು ಮಿತಿ 16.2 ಟನ್ನಿನಿಂದ 18.5 ಟನ್ನಿಗೆ ಹೋಯಿತು. 18.5ರ ಲಾರಿ ಕಾಟಾದಲ್ಲಿ 21.5 ತೂಗಿದರೆ ದಂಡ 26,000 ಎಂಬುದು ಪರೀಕ್ಷೆಗೆ ತಕ್ಕ ಲೆಕ್ಕ. 114ನೆಯ ಕಲಂನಡಿ ಅಧಿಕಾರಿಯು ಮುಂದಿನ ದಾರಿಯಲ್ಲಿ 10 ಕಿ.ಮೀ. ಒಳಗಿನ ಕಾಟಾಕ್ಕೆ ಒಯ್ಯುವಂತೆ ಹೇಳಬಹುದು.

ಇಡೀ 194ರಲ್ಲಿ ತೂಕವಿದೆ, ಅಳತೆಯಿದೆ. ಬಿಗಿತ ಎಲ್ಲಿಯೂ ಇಲ್ಲ. ಮಿತಿಯೊಳಗಿನ ತೂಕವನ್ನು ಒಂದೇ ಹಗ್ಗದಲ್ಲಿ ಕಟ್ಟಿದವನು ಕಾಟಾ ದಾಟಿ ಹೋಗುತ್ತಾನೆ. ಒಂದು ಟನ್ ಹೆಚ್ಚು ಹೇರಿ ಒಪ್ಪವಾಗಿ ಬಿಗಿದವನು 22,000 ಕಟ್ಟುತ್ತಾನೆ. ಚಾಲಕರು ಈ ನಿಯಮವನ್ನು ಸುರಕ್ಷತೆಯ ಮಾತೆಂದು ನಂಬದೆ ವಸೂಲಿಯೆಂದು ಭಾವಿಸುವುದಕ್ಕೆ ಇದು ದೊಡ್ಡ ಕಾರಣವೆಂದು ನನಗೆ ತೋರುತ್ತದೆ. ತೂಕಕ್ಕೆ ಯಂತ್ರ ಚೀಟಿ ಕೊಡುತ್ತದೆ, ವಾದಕ್ಕೆ ಎಡೆಯಿಲ್ಲ. ಬಿಗಿತ ಸಾಲದು ಎಂದು ಬರೆಯಲು ಅಧಿಕಾರಿಗೆ ಮೇಲಿನ ಲೆಕ್ಕ ಬರಬೇಕು.

ಆದರೂ ತೂಕದ ಮಿತಿಗೂ ಬಿಗಿತಕ್ಕೂ ಸಂಬಂಧವಿಲ್ಲ ಎನ್ನುವುದು ಸರಿಯಲ್ಲ. ಹತ್ತು ಟನ್ನಿನ ಜಾಗದಲ್ಲಿ ಹದಿಮೂರು ಹೇರಿದರೆ ಘರ್ಷಣೆ ತನ್ನ ಪಾಲಿಗೆ ಹೆಚ್ಚುತ್ತದೆ, ಕೊರತೆಯೂ ಹೆಚ್ಚುತ್ತದೆ, ಬೆಲ್ಟಿನ 300 ಮಾತ್ರ ಹೆಚ್ಚುವುದಿಲ್ಲ. ಮೊದಲಿನ ಲೆಕ್ಕದ 28 ಬೆಲ್ಟು ಈಗ 37 ಆಗುತ್ತದೆ. ಹೆಚ್ಚುವರಿ ಸರಕಿನ ಜೊತೆಗೆ ಹೆಚ್ಚುವರಿ ಬೆಲ್ಟು ತರುವವರು ಯಾರೂ ಇಲ್ಲ.

"ಹೇರಿಸೋರು ಮಾಲೀಕ್ರು, ಕಟ್ಟೋರು ಹಮಾಲ್ರು, ಕೇಸು ನಮ್ಮ ಲೈಸೆನ್ಸಿಗೆ" ಎಂಬ ದೂರಿಗೂ ಅಧಿನಿಯಮದಲ್ಲಿ ಉತ್ತರವಿದೆ, ಆದರೆ ಅದನ್ನು ಬಲ್ಲವರು ಕಡಿಮೆ. 194ನೆಯ ಕಲಂ ಓಡಿಸಿದವನನ್ನು ಮಾತ್ರವಲ್ಲದೆ ಓಡಿಸಲು ಕಾರಣನಾದವನನ್ನೂ ಅವಕಾಶ ಕೊಟ್ಟವನನ್ನೂ ಹೊಣೆ ಮಾಡುತ್ತದೆ. ಚಾಲಕನೇ ಮಾಲೀಕನಲ್ಲದಿದ್ದರೆ ಅಪರಾಧವು ಮಾಲೀಕನ ಅರಿವಿನಿಂದ ಅಥವಾ ಆದೇಶದಿಂದ ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದೆಂದು 113(4) ಹೇಳುತ್ತದೆ. ಬಾಡಿಗೆ ಟನ್ನಿನ ಲೆಕ್ಕದಲ್ಲಿ ಇರುವವರೆಗೆ ಒತ್ತಡ ಮೇಲಿನಿಂದಲೇ ಬರುವುದರಿಂದ, ಪರೀಕ್ಷೆಯ ದೃಷ್ಟಿಯಿಂದಲ್ಲದೆ ಕೆಲಸದ ದೃಷ್ಟಿಯಿಂದಲೂ ಈ ಉಪಕಲಂ ಮುಖ್ಯ.

ಅಭ್ಯಾಸಕ್ಕೆ ಒಂದು ಲೆಕ್ಕ. ಎಂಟು ಟನ್ ಲೋಡು, ಗುಣಾಂಕ 0.4, ಬೆಲ್ಟಿನ ಎಸ್‌ಟಿಎಫ್ 300, ಕೋನ 90 ಡಿಗ್ರಿ, ಮುಂದೆ ತಡೆ ಇಲ್ಲ. ಮುಂದಕ್ಕೆ 3200 ಭಾಗಿಸು 240, ಅಂದರೆ 14 ಬೆಲ್ಟು. ಪಕ್ಕಕ್ಕೆ 800 ಭಾಗಿಸು 240, ಅಂದರೆ 4. ಕೋನವನ್ನು 30 ಡಿಗ್ರಿಗೆ ಇಳಿಸಿ ಇದನ್ನೇ ಮತ್ತೊಮ್ಮೆ ಮಾಡಿದರೆ 27 ಮತ್ತು 7 ಬರಬೇಕು. 28 ಮತ್ತು 8 ಬಂದವರು ಮೊದಲಿನ ಭಾಗಾಕಾರದ ಉತ್ತರವನ್ನು ಪೂರ್ಣಾಂಕಕ್ಕೆ ಏರಿಸಿ, ಆಮೇಲೆ ಎರಡು ಪಟ್ಟು ಮಾಡಿದ್ದಾರೆ ಎಂದರ್ಥ.